ಇಂಜಿನನ್ನು ಎಲ್ಲಿ ಕೂರಿಸಬೇಕು?

ಜಟಕಾ ಗಾಡಿಯಲ್ಲಿ ಓಡಾಡಿದ ಹಿರಿಯರಿಗೆ ಗಾಡಿಯವನ ಒಂದು ಮಾತು ಇನ್ನೂ ನೆನಪಿರಬಹುದು. ಹಿಂದುಗಡೆ ಇಬ್ಬರು ಭಾರಿ ಆಸಾಮಿಗಳು ಹತ್ತಿ ಕೂತರೆಂದರೆ ಅವನು ತಿರುಗಿ ನೋಡಿ, "ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ, ಗಾಡಿ ಹಿಂಭಾರವಾಯಿತು" ಎನ್ನುತ್ತಿದ್ದ. ಎಲ್ಲರೂ ಮುಂದಕ್ಕೆ ಒತ್ತಿಕೊಂಡು ಕೂತರೆ, "ಇಷ್ಟು ಬೇಡಿ ಸ್ವಾಮಿ, ಕುದುರೆಯ ಬೆನ್ನಿನ ಮೇಲೆ ಬೀಳುತ್ತದೆ, ಯಾರಾದರೂ ಒಬ್ಬರು ಹಿಂದೆ ಸರಿಯಿರಿ" ಎಂದು ಮತ್ತೆ ಹೇಳುತ್ತಿದ್ದ. ಗಾಡಿಯಲ್ಲಿ ಕೂತ ಜನ ಅವರೇ, ಒಟ್ಟು ತೂಕವೂ ಅಷ್ಟೇ. ಆದರೂ ಒಂದು ಗೇಣು ಹಿಂದುಮುಂದಾದರೆ ಕುದುರೆಯ ಪಾಡೇ ಬೇರೆಯಾಗುತ್ತಿತ್ತು. ಹುಲ್ಲು ಹೇರುವ ರೈತನಿಗೂ ಈ ಗುಟ್ಟು ಗೊತ್ತು. ಹೊರೆ ಹಿಂದಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದಾದರೆ ನೊಗ ಹೆಗಲನ್ನು ಅರೆಯುತ್ತದೆ. ಎಷ್ಟು ಭಾರ ಎನ್ನುವುದು ಒಂದು ಪ್ರಶ್ನೆ. ಆ ಭಾರ ಎಲ್ಲಿದೆ ಎನ್ನುವುದು ಇನ್ನೊಂದು ಪ್ರಶ್ನೆ. ಎರಡನೆಯದು ಮೊದಲನೆಯದಕ್ಕಿಂತ ಸಣ್ಣದೇನೂ ಅಲ್ಲ.

ಈ ಎರಡನೆಯ ಪ್ರಶ್ನೆಯನ್ನು ಹಿಡಿದುಕೊಂಡು ಅಮೆರಿಕದ ತರುಣರು ಹಲವು ದಶಕಗಳ ಕಾಲ ತಮ್ಮ ಷೆಡ್ಡುಗಳಲ್ಲಿ ರಾತ್ರಿಯೆಲ್ಲ ಕೈ ಮಸಿ ಮಾಡಿಕೊಂಡ ಕಥೆಯನ್ನು ಈ ದಿನ ಹೇಳಬೇಕೆಂದಿದ್ದೇನೆ. ಅವರು ಕಟ್ಟಿದ ಗಾಡಿಗೆ 'ಹಾಟ್ ರಾಡ್' ಎಂದು ಹೆಸರು. ಆ ಹೆಸರನ್ನು ಕನ್ನಡಕ್ಕೆ ತಿರುಗಿಸಿ ಪ್ರಯೋಜನವಿಲ್ಲ. ಹಳೆಯ ಕಾರೊಂದನ್ನು ಕೊಂಡು, ಬೇಡವಾದುದನ್ನೆಲ್ಲ ಬಿಚ್ಚಿಹಾಕಿ ಹಗುರ ಮಾಡಿ, ಬಲವಾದ ಇಂಜಿನೊಂದನ್ನು ಕೂರಿಸಿ, ವೇಗಕ್ಕಾಗಿಯೇ ಮರಳಿ ಕಟ್ಟಿದ ಗಾಡಿಯೆಂದು ತಿಳಿದರೆ ಸಾಕು.

ಇದು ಬೆಳೆದದ್ದು ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ. ಅಲ್ಲಿನ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳಿವೆ. ಕೆರೆಯ ತಳವೆಲ್ಲ ಗಟ್ಟಿ ಮಣ್ಣು, ಕಣ್ಣು ಹಾಯುವಷ್ಟು ದೂರ ಸಮತಟ್ಟು. ಹುಡುಗರು ಭಾನುವಾರ ಅಲ್ಲಿಗೆ ಹೋಗಿ, ಮಡ್‌ಗಾರ್ಡು, ಗಾಜು, ಮೇಲ್ಹೊದಿಕೆ ಕಳಚಿಟ್ಟು ಗಾಡಿ ಓಡಿಸುತ್ತಿದ್ದರು. ೧೯೩೭ರಲ್ಲಿ ಅವರ ಕ್ಲಬ್ಬುಗಳೆಲ್ಲ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘ ಮಾಡಿಕೊಂಡರು. ಅವರ ಮೆಚ್ಚಿನ ಗಾಡಿ ೧೯೩೨ರ ಫೋರ್ಡ್. ಆ ವರ್ಷ ಹೆನ್ರಿ ಫೋರ್ಡ್ ಸಾಮಾನ್ಯರು ಕೊಳ್ಳುವ ಬೆಲೆಯ ಕಾರಿಗೆ ಎಂಟು ಸಿಲಿಂಡರಿನ 'ವಿ' ಆಕಾರದ ಇಂಜಿನನ್ನು ಕೊಟ್ಟ. ಅದರ ಬಲ ೬೫ ಅಶ್ವಶಕ್ತಿ. ಇಂದು ಇದು ದೊಡ್ಡದೆನಿಸದು. ಆದರೆ ಅದಕ್ಕೆ ಮುಂಚಿನ ನಾಲ್ಕು ಸಿಲಿಂಡರಿನ ಮಾಡೆಲ್ ಎ ಗಾಡಿಯ ಬಲ ೪೦ ಮಾತ್ರ. ಯುದ್ಧ ಮುಗಿದ ಮೇಲೆ ಇನ್ನೂ ಬಲವಾದ ಇಂಜಿನುಗಳು ಬಂದವು. ೧೯೫೧ರಲ್ಲಿ ಕ್ರೈಸ್ಲರ್ ಕಂಪನಿಯ 'ಹೆಮಿ' ಬಂತು, ೧೮೦ ಅಶ್ವಶಕ್ತಿ. ೧೯೫೫ರಲ್ಲಿ ಷೆವ್ರೊಲೆಯ ಅಡಕವಾದ ವಿ-೮ ಬಂತು. ಹುಡುಗರು ಹಳೆಯ ಫೋರ್ಡಿನ ಒಡಲಿಗೆ ಈ ಹೊಸ ಹೃದಯಗಳನ್ನು ಕೂರಿಸತೊಡಗಿದರು. ಆಗ ಎದುರಾದದ್ದೇ ನಮ್ಮ ಪ್ರಶ್ನೆ: ಕೂರಿಸುವುದೇನೋ ಸರಿ, ಎಲ್ಲಿ ಕೂರಿಸುವುದು?

ಇದಕ್ಕೆ ಒಂದು ಚಿಕ್ಕ ಪ್ರಯೋಗವಿದೆ. ರೇಡಿಯೋ ಮುಂದೆ ಕೂತಿರುವ ಮಕ್ಕಳು ಈಗಲೇ ಮಾಡಿ ನೋಡಬಹುದು. ಒಂದು ಅಡಿಪಟ್ಟಿಯ ಎರಡು ತುದಿಗಳನ್ನು ಎರಡು ಕೈಯ ತೋರುಬೆರಳುಗಳ ಮೇಲೆ ಇಟ್ಟುಕೊಳ್ಳಿ. ಅದರ ನಟ್ಟನಡುವೆ ಅಮ್ಮನ ಬೀಗದ ಕೈ ಗೊಂಚಲನ್ನು ಇಡಿಸಿ. ಎರಡು ಬೆರಳಿಗೂ ಸಮನಾದ ಭಾರ. ಗೊಂಚಲನ್ನು ಬಲಕ್ಕೆ ಸರಿಸಿದಂತೆಲ್ಲ ಬಲಬೆರಳಿಗೆ ಭಾರ ಹೆಚ್ಚುತ್ತದೆ, ಎಡಬೆರಳಿಗೆ ಅಷ್ಟೇ ಕಡಿಮೆಯಾಗುತ್ತದೆ. ಬಲಬೆರಳಿನ ನೇರಕ್ಕೆ ಬಂದಾಗ ಭಾರವೆಲ್ಲ ಅದರದೇ. ಇನ್ನು ಅಡಿಪಟ್ಟಿಯನ್ನು ಬೆರಳಿನಿಂದಾಚೆಗೆ ಸ್ವಲ್ಪ ಚಾಚಿ, ಗೊಂಚಲನ್ನು ಆ ಚಾಚಿದ ತುದಿಗೆ ಇಟ್ಟರೆ ಎಡಬೆರಳಿನ ಮೇಲಿನ ಪಟ್ಟಿ ಎದ್ದೇ ಬಿಡುತ್ತದೆ.

ಅಡಿಪಟ್ಟಿಯೇ ಕಾರಿನ ಚಾಸಿ, ಎರಡು ಬೆರಳುಗಳೇ ಮುಂದಿನ ಹಿಂದಿನ ಅಚ್ಚುಗಳು, ಗೊಂಚಲೇ ಇಂಜಿನು ಎಂದುಕೊಳ್ಳಿ. ಲೆಕ್ಕ ಸುಲಭ. ಇಂಜಿನಿನ ತೂಕವನ್ನು ಅದು ಸರಿದ ದೂರದಿಂದ ಗುಣಿಸಿ, ಎರಡು ಅಚ್ಚುಗಳ ನಡುವಣ ಅಂತರದಿಂದ ಭಾಗಿಸಿದರೆ, ಒಂದು ಅಚ್ಚಿನಿಂದ ಇನ್ನೊಂದಕ್ಕೆ ಎಷ್ಟು ಭಾರ ಹೋಯಿತೆಂದು ತಿಳಿಯುತ್ತದೆ. ೧೯೩೨ರ ಫೋರ್ಡಿನಲ್ಲಿ ಅಚ್ಚುಗಳ ಅಂತರ ೧೦೬ ಅಂಗುಲ. ಲೆಕ್ಕದ ಅನುಕೂಲಕ್ಕೆ ನಮ್ಮ ಗಾಡಿಯ ಒಟ್ಟು ತೂಕ ೨೪೦೦ ಪೌಂಡು, ಮುಂದೆ ಅರ್ಧ ಹಿಂದೆ ಅರ್ಧ ಎಂದಿಟ್ಟುಕೊಳ್ಳೋಣ. ಇಂಜಿನಿನ ತೂಕ ೬೦೦ ಪೌಂಡು, ಎಂದರೆ ಸುಮಾರು ೨೭೦ ಕಿಲೋಗ್ರಾಂ. ಈ ಇಂಜಿನನ್ನು ೧೦ ಅಂಗುಲ ಹಿಂದಕ್ಕೆ ಸರಿಸಿದರೆ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಹೋಗುವ ಭಾರ ಸುಮಾರು ೫೭ ಪೌಂಡು. ಇಷ್ಟೆಲ್ಲ ಕಷ್ಟಪಟ್ಟು ೫೭ ಪೌಂಡೇ ಎಂದು ನಿಮಗೆ ನಿರಾಶೆಯಾಗಬಹುದು. ಆ ನಿರಾಶೆಯನ್ನು ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಅಡಿಪಟ್ಟಿಯ ಚಾಚಿದ ತುದಿಯನ್ನೂ ಮರೆಯಬಾರದು. ಇಂಜಿನಿನ ಭಾರಕೇಂದ್ರ ಮುಂದಿನ ಅಚ್ಚಿಗಿಂತ ೮ ಅಂಗುಲ ಮುಂದಿದ್ದರೆ, ಮುಂದಿನ ಗಾಲಿಗಳು ಇಂಜಿನಿನ ೬೦೦ ಪೌಂಡಿನ ಜೊತೆಗೆ ಇನ್ನೂ ೪೫ ಪೌಂಡು ಹೊರಬೇಕು. ಆ ೪೫ ಹಿಂದಿನ ಗಾಲಿಗಳಿಂದ ಕಳೆದದ್ದು.

ಹಿಂದಿನ ಗಾಲಿಗಳ ಮೇಲೆ ಭಾರ ಏಕೆ ಬೇಕು? ಹಾಟ್ ರಾಡಿನಲ್ಲಿ ಗಾಡಿಯನ್ನು ನೂಕುವ ಗಾಲಿಗಳು ಹಿಂದಿನವು. ಮಳೆಗಾಲದಲ್ಲಿ ಬರಿಯ ಲಾರಿಯೊಂದು ಕೆಸರಿನಲ್ಲಿ ಹಿಂದಿನ ಗಾಲಿಗಳನ್ನು ಗಿರಗಿರನೆ ಸುತ್ತಿಸುತ್ತ ನಿಂತದ್ದನ್ನು ನೀವು ನೋಡಿರಬಹುದು. ಆಗ ಕ್ಲೀನರು ನಾಲ್ಕು ಜನ ಆಳುಗಳನ್ನು ಹಿಂದುಗಡೆ ಹತ್ತಿ ನಿಲ್ಲಿಸುತ್ತಾನೆ. ಇಂಜಿನಿಗೆ ಹೊಸ ಬಲವೇನೂ ಬರಲಿಲ್ಲ. ಗಾಲಿ ನೆಲವನ್ನು ಒತ್ತುವ ಬಲ ಹೆಚ್ಚಿತು, ಹಿಡಿತ ಸಿಕ್ಕಿತು, ಲಾರಿ ಹೊರಟಿತು. ಇನ್ನೂರು ಕುದುರೆಗಳ ಬಲವಿದ್ದರೂ ಟೈರು ನೆಲವನ್ನು ಹಿಡಿಯದಿದ್ದರೆ ಅದು ಹೊಗೆಯಾಗಿ ಹೋಗುತ್ತದೆ.

ಹಾಗಾದರೆ ಭಾರವನ್ನೆಲ್ಲ ಹಿಂದಕ್ಕೆ ತಳ್ಳಿಬಿಟ್ಟರಾಯಿತಲ್ಲ ಎನ್ನುವಿರಾ? ಮುಂದಿನ ಗಾಲಿಗಳಿಗೂ ಕೆಲಸವಿದೆ. ಗಾಡಿಯನ್ನು ತಿರುಗಿಸುವುವು ಅವು. ಬ್ರೇಕು ಹಾಕಿದಾಗ ಹೆಚ್ಚಿನ ಪಾಲು ತಡೆಯುವುವು ಅವು. ಮುಂಭಾರವಾದ ಗಾಡಿ ತಿರುವಿನಲ್ಲಿ ಸ್ಟೀರಿಂಗಿನ ಮಾತು ಕೇಳದೆ ನೇರವಾಗಿ ಹೋಗಬಯಸುತ್ತದೆ. ಹಿಂಭಾರವಾದ ಗಾಡಿಯ ಬಾಲ ಹೊರಕ್ಕೆ ಬೀಸುತ್ತದೆ. ಮೊದಲನೆಯದು ಚಾಲಕನನ್ನು ಹೆದರಿಸಿ ಎಚ್ಚರಿಸುತ್ತದೆ. ಎರಡನೆಯದು ಎಚ್ಚರಿಸುವಷ್ಟರಲ್ಲಿ ಗಾಡಿ ಸುತ್ತಿಬಿಟ್ಟಿರುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಕಾವಡಿಯ ಎರಡು ತುದಿಗೂ ತುಂಬಿದ ಕೊಡ ಕಟ್ಟಿಕೊಂಡವನು ಥಟ್ಟನೆ ಪಕ್ಕಕ್ಕೆ ತಿರುಗಲಾರ. ತಿರುಗತೊಡಗಿದರೆ ಥಟ್ಟನೆ ನಿಲ್ಲಲೂ ಆರ. ಅವೇ ಕೊಡಗಳನ್ನು ಎರಡು ಕಂಕುಳಿಗೆ ಅವಚಿಕೊಂಡರೆ ಭಾರ ಅಷ್ಟೇ ಇದ್ದರೂ ಸುಲಭವಾಗಿ ತಿರುಗಬಹುದು. ಕಾರಿನಲ್ಲೂ ಹಾಗೆಯೇ. ಇಂಜಿನು ಮೂಗಿನ ತುದಿಯಲ್ಲಿ, ಪೆಟ್ರೋಲು ಟ್ಯಾಂಕು ಬಾಲದ ತುದಿಯಲ್ಲಿ ಇದ್ದರೆ ತಕ್ಕಡಿ ಸಮನಾಗಿಯೇ ತೂಗೀತು. ಆದರೆ ಗಾಡಿ ಕಾವಡಿ ಹೊತ್ತವನಂತೆ ಮಂದವಾಗುತ್ತದೆ. ಇಂಜಿನನ್ನು ಗಾಡಿಯ ನಡುವಿನ ಕಡೆಗೆ ಸರಿಸಿದರೆ ಅದು ಸ್ಟೀರಿಂಗಿಗೆ ಚುರುಕಾಗಿ ಉತ್ತರ ಕೊಡುತ್ತದೆ. ಆದ್ದರಿಂದ ಬೀದಿಯಲ್ಲಿ ಓಡುವ ರಾಡಿಗೆ ತೂಕ ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಗಿ, ಇಂಜಿನು ಮುಂದಿನ ಅಚ್ಚಿನ ಹಿಂದೆ ಇರುವುದು ಒಳ್ಳೆಯದೆಂದು ಅನುಭವಸ್ಥರು ಕಂಡುಕೊಂಡರು.

ಆದರೆ ಕಾಗದದ ಮೇಲೆ ಹತ್ತು ಅಂಗುಲ ಸರಿಸುವುದು ಬೇರೆ, ಷೆಡ್ಡಿನಲ್ಲಿ ಸರಿಸುವುದು ಬೇರೆ. ಇಂಜಿನಿನ ಹಿಂದೆ, ಚಾಲಕನ ಕಾಲಿನ ಮುಂದೆ ಒಂದು ತಗಡಿನ ಗೋಡೆ ಇರುತ್ತದೆ. ಫೋರ್ಡಿನ ಹಳೆಯ ವಿ-೮ರಲ್ಲಿ ಡಿಸ್ಟ್ರಿಬ್ಯೂಟರು ಮುಂಭಾಗದಲ್ಲಿದೆ. ಷೆವ್ರೊಲೆ ಇಂಜಿನಿನಲ್ಲಿ ಅದು ಹಿಂಭಾಗದಲ್ಲಿದೆ. ಹಾಗಾಗಿ ಫೋರ್ಡಿನ ಒಡಲಿಗೆ ಷೆವ್ರೊಲೆ ಇಂಜಿನು ಹಾಕಹೊರಟವನಿಗೆ ಡಿಸ್ಟ್ರಿಬ್ಯೂಟರು ಆ ಗೋಡೆಗೆ ತಗಲುತ್ತದೆ. ಗೋಡೆ ಕತ್ತರಿಸಿ ಒಳಕ್ಕೆ ಗೂಡು ಮಾಡಬೇಕು. ಇಂಜಿನು ಹಿಂದೆ ಸರಿದರೆ ಗೇರು ಪೆಟ್ಟಿಗೆಯೂ ಸರಿಯಬೇಕು. ಹಿಂದಿನ ಅಚ್ಚಿಗೆ ಹೋಗುವ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಬೇಕು. ಫ್ಯಾನು ರೇಡಿಯೇಟರಿನಿಂದ ದೂರವಾಗಿ ನೀರು ಕುದಿಯತೊಡಗುತ್ತದೆ. ಚಾಲಕನ ಮಂಡಿಗೆ ಜಾಗ ಸಾಲದು, ಪಾದಕ್ಕೆ ಬೇರೆ ಬಿಸಿ. ಒಂದೊಂದು ಅಂಗುಲಕ್ಕೂ ಬೆಲೆ ತೆರಬೇಕು.

ಈ ಬೆಲೆ ತೆರಲಾರದವರು ಯುಕ್ತಿ ಹುಡುಕಿದರು. ೪೦ ಪೌಂಡಿನ ಬ್ಯಾಟರಿ ಮುಂದಿನ ಅಚ್ಚಿನ ಮೇಲಿದ್ದರೆ ಅದನ್ನು ತೆಗೆದು ಹಿಂದಿನ ಅಚ್ಚಿನ ಮೇಲಿಟ್ಟರು. ೪೦ನ್ನು ೧೦೬ರಿಂದ ಗುಣಿಸಿ ನೋಡಿ. ೬೦೦ ಪೌಂಡಿನ ಇಂಜಿನನ್ನು ೭ ಅಂಗುಲ ಸರಿಸಿದಷ್ಟೇ ಫಲ! ಒಂದು ಸಂಜೆಯ ಕೆಲಸ, ನಾಲ್ಕು ಗಜ ತಂತಿ. ಚಿಕ್ಕ ಭಾರವನ್ನು ದೂರ ಒಯ್ಯುವುದೂ ದೊಡ್ಡ ಭಾರವನ್ನು ಹತ್ತಿರದಲ್ಲೇ ಸರಿಸುವುದೂ ಒಂದೇ ಎಂಬುದು ತಕ್ಕಡಿ ಹಿಡಿದವರಿಗೆಲ್ಲ ಗೊತ್ತಿರುವ ಸತ್ಯ.

ಇನ್ನು ಕೆಲವರು ಇಂಜಿನನ್ನು ಮುಟ್ಟಲೇ ಇಲ್ಲ, ಗಾಲಿಗಳನ್ನೇ ಸರಿಸಿದರು. ಅಚ್ಚು ಮುಂದಕ್ಕೆ ಹೋದರೂ ಇಂಜಿನು ಹಿಂದಕ್ಕೆ ಹೋದಂತೆಯೇ. ೧೯೬೫ರಲ್ಲಿ ಪ್ಲಿಮತ್ ಮತ್ತು ಡಾಡ್ಜ್ ಹೆಸರಿನ ಕೆಲವು ಪಂದ್ಯದ ಕಾರುಗಳಲ್ಲಿ ಮುಂದಿನ ಅಚ್ಚನ್ನು ೧೦ ಅಂಗುಲ, ಹಿಂದಿನ ಅಚ್ಚನ್ನು ೧೫ ಅಂಗುಲ ಮುಂದಕ್ಕೆ ತಂದರು. ಒಡಲಿನ ಭಾರ ಹಿಂದಿನ ಗಾಲಿಗಳ ಕಡೆಗೆ ವಾಲಿತು. ನೋಡಲು ಮಾತ್ರ ಯಾರೋ ತಪ್ಪು ತಪ್ಪಾಗಿ ಗಾಲಿ ಜೋಡಿಸಿದಂತೆ ವಿಚಿತ್ರವಾಗಿತ್ತು. ಜನ ನಕ್ಕು 'ಫನ್ನಿ ಕಾರ್' ಎಂದರು. ಆ ಹೆಸರೇ ಒಂದು ಪಂದ್ಯವರ್ಗದ ಹೆಸರಾಗಿ ನಿಂತುಬಿಟ್ಟಿತು.

ಇಷ್ಟು ಹೊತ್ತು ನಾನು ನಿಂತ ಗಾಡಿಯ ಲೆಕ್ಕ ಹೇಳಿದೆ. ಓಡುವ ಗಾಡಿಯ ಲೆಕ್ಕ ಬೇರೆ. ಬಸ್ಸು ಥಟ್ಟನೆ ಹೊರಟಾಗ ನಿಂತಿರುವವರೆಲ್ಲ ಹಿಂದಕ್ಕೆ ವಾಲುತ್ತೀರಿ. ಬ್ರೇಕು ಬಿದ್ದಾಗ ಮುಂದಕ್ಕೆ ಮುಗ್ಗರಿಸುತ್ತೀರಿ. ಕಾರಿಗೂ ಅದೇ ಗತಿ. ಹೊರಡುವಾಗ ಭಾರ ಮುಂದಿನ ಗಾಲಿಗಳಿಂದ ಹಿಂದಿನವಕ್ಕೆ ಹರಿಯುತ್ತದೆ, ನಿಲ್ಲುವಾಗ ಹಿಂದಿನವುಗಳಿಂದ ಮುಂದಿನವಕ್ಕೆ. ಎಷ್ಟು ಹರಿಯುತ್ತದೆಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಎಷ್ಟು ಬೇಗ ವೇಗ ಏರುತ್ತದೆ, ಗಾಡಿಯ ಭಾರಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಅಚ್ಚುಗಳ ನಡುವೆ ಎಷ್ಟು ಅಂತರವಿದೆ. ನಮ್ಮ ೨೪೦೦ ಪೌಂಡಿನ ಗಾಡಿಯ ಭಾರಕೇಂದ್ರ ೨೦ ಅಂಗುಲ ಎತ್ತರದಲ್ಲಿದೆಯೆಂದೂ, ಪ್ರತಿ ಸೆಕೆಂಡಿಗೂ ಅದರ ವೇಗ ಗಂಟೆಗೆ ೧೧ ಮೈಲಿಯಷ್ಟು ಏರುತ್ತಿದೆಯೆಂದೂ ಇಟ್ಟುಕೊಳ್ಳಿ. ಆಗ ಹಿಂದಕ್ಕೆ ಹರಿಯುವ ಭಾರ ಸುಮಾರು ೨೨೬ ಪೌಂಡು. ಇಂಜಿನನ್ನು ೧೦ ಅಂಗುಲ ಸರಿಸಿ ಗಳಿಸಿದ ೫೭ ಪೌಂಡಿಗೆ ಇದು ನಾಲ್ಕರಷ್ಟು!

ಕಾಲು ಮೈಲಿಯ ನೇರ ಓಟದವರು ಈ ಲೆಕ್ಕವನ್ನು ಬೇಗ ಕಲಿತರು. 'ಡ್ರ್ಯಾಗ್' ಎನ್ನುವ ಈ ಪಂದ್ಯಗಳನ್ನು ಬೀದಿಯಿಂದ ಮೈದಾನಕ್ಕೆ ತಂದು ನಿಯಮ ಕಟ್ಟಲೆಂದು ೧೯೫೧ರಲ್ಲಿ ವಾಲಿ ಪಾರ್ಕ್ಸ್ ಎಂಬವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ನನ್ನು ಸ್ಥಾಪಿಸಿದರು. ಅಲ್ಲಿ 'ಗ್ಯಾಸರ್' ಎಂಬ ಜಾತಿಯ ಗಾಡಿಗಳು ಹುಟ್ಟಿದವು. ಮೂಗೆತ್ತಿ ನಿಂತ ಕುದುರೆಯಂತೆ ಅವುಗಳ ಮುಂಭಾಗ ಬಹಳ ಎತ್ತರ. ಅದು ಸೊಗಸಿಗಾಗಿ ಮಾಡಿದ್ದಲ್ಲ. ಭಾರಕೇಂದ್ರ ೨೦ ಅಂಗುಲದಿಂದ ೨೬ ಅಂಗುಲಕ್ಕೇರಿದರೆ ನಮ್ಮ ಲೆಕ್ಕದ ೨೨೬ ಪೌಂಡು ೨೯೪ ಆಗುತ್ತದೆ. ಆಗಿನ ಟೈರುಗಳಿಗೆ ಹಿಡಿತ ಕಡಿಮೆ. ೬೮ ಪೌಂಡು ಸುಮ್ಮನೆ ಸಿಕ್ಕಂತೆ. ಆದರೆ ಎತ್ತರದ ಗಾಡಿ ಪಕ್ಕಕ್ಕೆ ವಾಲಿದರೆ ಮಗುಚುವ ಭಯವೂ ಉಂಟು. ಆದ್ದರಿಂದ ಸಂಘದವರು ಇಂಜಿನಿನ ಒಳಗೆ ತಿರುಗುವ ಕ್ರ್ಯಾಂಕ್ ಶಾಫ್ಟು ನೆಲದಿಂದ ೨೪ ಅಂಗುಲಕ್ಕಿಂತ ಮೇಲಿರಕೂಡದೆಂದು ಗೆರೆ ಎಳೆದರು. ಇಂಜಿನನ್ನು ಹಿಂದಕ್ಕೆ ಸರಿಸುವುದಕ್ಕೂ ಮಿತಿ ಇತ್ತು: ಗ್ಯಾಸರ್ ವರ್ಗದಲ್ಲಿ ಅಚ್ಚುಗಳ ಅಂತರದ ನೂರಕ್ಕೆ ೧೦ರಷ್ಟು, 'ಆಲ್ಟರ್ಡ್' ವರ್ಗದಲ್ಲಿ ನೂರಕ್ಕೆ ೨೫ರಷ್ಟು. ೧೦೬ ಅಂಗುಲದ ಗಾಡಿಯಲ್ಲಿ ನೂರಕ್ಕೆ ೨೫ ಎಂದರೆ ಇಂಜಿನು ಎರಡಡಿಗಿಂತ ಹೆಚ್ಚು ಹಿಂದೆ ಬಂದು ಚಾಲಕನ ಮಡಿಲಿಗೇ ಕೂತಂತೆ. ಮುಂದೆ ಅಗಲವಾದ, ಮೆತ್ತನೆಯ, ನುಣುಪು ಟೈರುಗಳು ಬಂದು ಹಿಡಿತ ಹೆಚ್ಚಿದಂತೆ ಗಾಡಿಗಳ ಮೂಗು ಮತ್ತೆ ಕೆಳಕ್ಕಿಳಿಯಿತು.

ಒಣಕೆರೆಗಳಲ್ಲಿ ಓಡಿಸುವವರ ಯೋಚನೆ ಇನ್ನೊಂದು ಬಗೆ. ಅಲ್ಲಿ ಥಟ್ಟನೆ ಹೊರಡಬೇಕಾದ ಅವಸರವಿಲ್ಲ. ಮೈಲಿಗಟ್ಟಲೆ ದೂರದಲ್ಲಿ ಮೆಲ್ಲನೆ ವೇಗ ಏರಿಸಬಹುದು. ಅಲ್ಲಿ ಶತ್ರು ಗಾಳಿ. ಯುದ್ಧದಲ್ಲಿ ವಿಮಾನಗಳ ಹೊಟ್ಟೆಯಡಿ ನೇತುಹಾಕುತ್ತಿದ್ದ ಪೆಟ್ರೋಲು ಟ್ಯಾಂಕುಗಳನ್ನು ಕಂಡಿದ್ದ ಬಿಲ್ ಬರ್ಕ್ ಎಂಬಾತ ೧೯೪೬ರಲ್ಲಿ ಅಂಥ ಟ್ಯಾಂಕನ್ನೇ ಕಾರಿನ ಒಡಲು ಮಾಡಿಕೊಂಡ. ಮೊದಲ ಟ್ಯಾಂಕು ಚಿಕ್ಕದು, ಇಂಜಿನು ಮುಂದೆ ಕೂತಿತು. ಆಮೇಲೆ ದೊಡ್ಡ ಟ್ಯಾಂಕು ತಂದು ಇಂಜಿನನ್ನು ತನ್ನ ಬೆನ್ನ ಹಿಂದೆ ಇಟ್ಟುಕೊಂಡ. ೧೯೪೯ರಿಂದ ಯೂಟಾ ಸಂಸ್ಥಾನದ ಬಾನವಿಲ್ ಉಪ್ಪಿನ ಬಯಲಿನಲ್ಲೂ ಇವರ ಓಟಗಳು ಪ್ರಾರಂಭವಾದವು. ಉಪ್ಪಿನ ಮೇಲೆ ಹಿಡಿತ ಕಡಿಮೆ; ಗಾಡಿಗೆ ಬೇಕೆಂದೇ ಸೀಸದ ಗಟ್ಟಿಗಳನ್ನು ಹೇರುವವರುಂಟು. ಬಾಣದ ತುದಿಯಲ್ಲಿ ಭಾರ, ಬಾಲದಲ್ಲಿ ಗರಿ. ಆದ್ದರಿಂದಲೇ ಅದು ನೇರವಾಗಿ ಹೋಗುತ್ತದೆ. ಅತಿವೇಗದ ಕಾರಿಗೂ ಅದೇ ನ್ಯಾಯ. ಭಾರಕೇಂದ್ರ ತೀರ ಹಿಂದಾದರೆ ಗಾಳಿ ಅದನ್ನು ತಿರುಗಿಸಿಬಿಡುತ್ತದೆ. ಕಾಲು ಮೈಲಿಯ ಓಟಕ್ಕೆ ವರವಾದದ್ದು ಇಲ್ಲಿ ಶಾಪವಾಗಬಹುದು.

ತರಗತಿಯಲ್ಲಿ ಈ ಲೆಕ್ಕಗಳನ್ನು ಮಾಡಿಸುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸಾರ್, ನೇರ ಓಟದವರು ಇಂಜಿನನ್ನು ಪೂರ್ತಿ ಹಿಂದಕ್ಕೇ ಇಟ್ಟುಬಿಟ್ಟಿದ್ದರೆ ಆಗುತ್ತಿರಲಿಲ್ಲವೆ?" ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಸಿಗುವುದಕ್ಕೆ ಮುಂಚೆ ಒಬ್ಬ ಮನುಷ್ಯನ ಪಾದದ ಮುಂಭಾಗ ಹೋಗಬೇಕಾಯಿತು.

೧೯೫೪ರ ಸುಮಾರಿಗೆ ಮಿಕಿ ಥಾಂಪ್ಸನ್ ಮುಂತಾದವರು ಒಂದು ಹೊಸ ಬಗೆಯ ಡ್ರ್ಯಾಗ್ ಗಾಡಿ ಕಟ್ಟಿದರು. ಉದ್ದವಾದ ಕೊಳವೆಗಳ ಚೌಕಟ್ಟು; ಹಿಂದಿನ ಅಚ್ಚಿಗೆ ತೀರ ಹತ್ತಿರ ಇಂಜಿನು; ಚಾಲಕ ಹಿಂದಿನ ಅಚ್ಚಿಗೂ ಹಿಂದೆ. ಕವಣೆಯ ಕಲ್ಲು ಕೂತಂತೆ ಅವನು ತುದಿಯಲ್ಲಿ ಕೂತಿರುತ್ತಿದ್ದುದರಿಂದ ಅದಕ್ಕೆ 'ಸ್ಲಿಂಗ್ ಷಾಟ್' ಎಂದರು. ಅಡಿಪಟ್ಟಿಯ ಚಾಚಿದ ತುದಿಯನ್ನು ನೆನಪು ಮಾಡಿಕೊಳ್ಳಿ. ಚಾಲಕನ ಭಾರವೂ ಹಿಂದಿನ ಗಾಲಿಗಳನ್ನು ಒತ್ತುವ ಕೆಲಸಕ್ಕೆ ಬಂತು. ಮೂಗು ಮೇಲೇಳದಿರಲೆಂದು ಗಾಡಿಯನ್ನು ಉದ್ದ ಮಾಡುತ್ತ ಹೋದರು. ತೂಕದ ಲೆಕ್ಕದಲ್ಲಿ ಇದು ಚೊಕ್ಕವಾದ ಉತ್ತರ. ಆದರೆ ಲೆಕ್ಕದಲ್ಲಿ ಸೇರದೆ ಉಳಿದ ಒಂದು ಸಂಗತಿ ಇತ್ತು. ಚಾಲಕ ಎರಡು ಕಾಲುಗಳನ್ನು ಹಿಂದಿನ ಅಚ್ಚಿನ ಮೇಲಿಂದ ಆಚೆಗೂ ಈಚೆಗೂ ಚಾಚಿ ಕೂರುತ್ತಿದ್ದ. ಕ್ಲಚ್ಚು, ಗೇರು ಪೆಟ್ಟಿಗೆ ಅವನ ಕಾಲುಗಳ ನಡುವೆ. ಮೊರೆಯುವ ಇಂಜಿನು ಅವನ ಮುಖದ ಮುಂದೆ. ಏನಾದರೂ ಒಡೆದರೆ ಎಣ್ಣೆಯೂ ಬೆಂಕಿಯೂ ಅವನ ಮೇಲೇ.

೧೯೭೦ರ ಮಾರ್ಚ್ ೮ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಮೈದಾನದಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಪ್ರಸಿದ್ಧ ಚಾಲಕ ಓಟದ ಗೆರೆಯಲ್ಲಿ ನಿಂತಿದ್ದರು. ದೀಪ ಹಸಿರಾಯಿತು. ಗಾಡಿ ಹೊರಟ ಕ್ಷಣದಲ್ಲೇ ಗೇರು ಪೆಟ್ಟಿಗೆ ಸಿಡಿಯಿತು. ಗಾಡಿ ಎರಡು ತುಂಡಾಯಿತು. ಗಾರ್ಲಿಟ್ಸರ ಬಲಪಾದದ ಮುಂಭಾಗ ಹೋಯಿತು.

ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಲೇ ಅವರು ಹೊಸ ಗಾಡಿಯ ಯೋಚನೆ ಮಾಡಿದರು. ಚಾಲಕ ಮುಂದೆ, ಇಂಜಿನು ಬೆನ್ನ ಹಿಂದೆ. ಇಂಥ ಗಾಡಿಗಳನ್ನು ಅದಕ್ಕೆ ಮುಂಚೆಯೂ ಕೆಲವರು ಕಟ್ಟಿ ಕೈಸುಟ್ಟುಕೊಂಡಿದ್ದರು. ವೇಗ ಏರಿದಂತೆ ಅವು ಅತ್ತಿತ್ತ ಹೊಯ್ದಾಡುತ್ತಿದ್ದವು. ಕಾರಣ ಊಹಿಸಬಹುದು. ಹಿಂದೆ ಕೂತವನಿಗೆ ಬಾಲ ಬೀಸತೊಡಗಿದ ಕೂಡಲೆ ತನ್ನ ಮೈಯಲ್ಲೇ ಅರಿವಾಗುತ್ತದೆ. ಮುಂದೆ ಕೂತವನಿಗೆ ಅದು ತಡವಾಗಿ ತಿಳಿಯುತ್ತದೆ. ತಡವಾಗಿ ತಿಳಿದವನು ಸ್ಟೀರಿಂಗನ್ನು ಬೇಕಾದುದಕ್ಕಿಂತ ಹೆಚ್ಚು ತಿರುಗಿಸುತ್ತಾನೆ. ಗಾರ್ಲಿಟ್ಸ್ ಮತ್ತು ಅವರ ಜೊತೆಗಾರರು ಬಹಳ ತಡಕಾಡಿದ ಮೇಲೆ ಒಂದು ಸರಳವಾದ ಮದ್ದು ಕಂಡುಕೊಂಡರು: ಸ್ಟೀರಿಂಗನ್ನು ಮಂದ ಮಾಡಿದರು. ಚಕ್ರವನ್ನು ಹೆಚ್ಚು ತಿರುಗಿಸಿದರೂ ಗಾಲಿ ಸ್ವಲ್ಪವೇ ತಿರುಗುವಂತೆ ಮಾಡಿದರು. ಗಾಡಿ ನೇರವಾಗಿ ಹೋಯಿತು. ೧೯೭೧ರ ಆರಂಭದಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಪಂದ್ಯವನ್ನು ಆ ಗಾಡಿಯಲ್ಲೇ ಗೆದ್ದರು. ಕೆಲವೇ ವರ್ಷಗಳಲ್ಲಿ ಆ ವರ್ಗದ ಮೇಲ್ಮಟ್ಟದ ಓಟಗಳಿಂದ ಮುಂದಿನ ಇಂಜಿನಿನ ಗಾಡಿಗಳು ಮಾಯವಾದವು. ಹಿಂದಿನ ಗಾಲಿಗಳ ಮೇಲೆ ದೊಡ್ಡ ರೆಕ್ಕೆ ಬಂತು. ಗಾಳಿಯೇ ಅವನ್ನು ನೆಲಕ್ಕೆ ಒತ್ತುತ್ತದೆ. ಕಬ್ಬಿಣದ ಭಾರದಿಂದ ಪಡೆಯುತ್ತಿದ್ದುದನ್ನು ಗಾಳಿಯ ಒತ್ತಡದಿಂದ ಪಡೆದರು. ಇಂದು ಆ ಗಾಡಿಗಳ ಅಚ್ಚುಗಳ ಅಂತರ ೩೦೦ ಅಂಗುಲ, ಎಂದರೆ ೨೫ ಅಡಿ.

ಸೂಕ್ಷ್ಮವಾಗಿ ನೋಡಿದರೆ ಇಲ್ಲಿ ಒಂದು ಸೋಜಿಗವಿದೆ. ಇಂಜಿನು ಹಿಂದಕ್ಕೆ ಹೋಯಿತೆಂದು ಎಲ್ಲರೂ ಹೇಳುತ್ತಾರೆ. ಆದರೆ ಸ್ಲಿಂಗ್ ಷಾಟಿನಲ್ಲೂ ಅದು ಹಿಂದಿನ ಅಚ್ಚಿನ ಮುಂದೆಯೇ ಇತ್ತು, ಹೊಸ ಗಾಡಿಯಲ್ಲೂ ಅಲ್ಲಿಯೇ ಇದೆ. ನಿಜವಾಗಿ ಜಾಗ ಬದಲಾಯಿಸಿದವನು ಮನುಷ್ಯ. ಅವನು ಹಿಂದಿನಿಂದ ಮುಂದಕ್ಕೆ ಬಂದ. ಅಲ್ಲಿಯವರೆಗೂ ಅವನನ್ನು ಗಾಲಿಗಳನ್ನು ಒತ್ತುವ ನೂರೆಂಬತ್ತು ಪೌಂಡು ಭಾರವೆಂದು ಲೆಕ್ಕ ಹಿಡಿದಿದ್ದರು. ಆ ಭಾರಕ್ಕೆ ಎರಡು ಕಾಲುಗಳೂ ಇವೆಯೆಂಬುದನ್ನು ಲೆಕ್ಕಕ್ಕೆ ಸೇರಿಸಿದ ದಿನ ಗಾಡಿಯ ರೂಪವೇ ಬದಲಾಯಿತು.

ನಮ್ಮಲ್ಲಿ ಯಾರಾದರೂ ಇದನ್ನು ಕೇಳಿ ತಮ್ಮ ಕಾರಿನ ಇಂಜಿನನ್ನು ಸರಿಸಹೊರಟಾರೆಂಬ ಭಯ ನನಗಿಲ್ಲ; ನಮ್ಮ ದೇಶದಲ್ಲಿ ತಯಾರಕರು ಕೊಟ್ಟ ರಚನೆಯನ್ನು ಮನಬಂದಂತೆ ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆ ತಡೆಯುತ್ತದೆ. ಆದರೆ ಮದುವೆಗೋ ಜಾತ್ರೆಗೋ ಹೊರಟಾಗ ನಾವೆಲ್ಲರೂ ಕಾರಿಗೆ ಸಾಮಾನು ಹೇರುತ್ತೇವೆ. ಭಾರವಾದ ಪೆಟ್ಟಿಗೆಯನ್ನು ಮಾಡಿನ ಮೇಲೆ ಕಟ್ಟಿದರೆ ಭಾರಕೇಂದ್ರ ಮೇಲೇರುತ್ತದೆ. ಬಾಲದ ತುದಿಯಲ್ಲಿ ಒಟ್ಟಿದರೆ ಮುಂದಿನ ಗಾಲಿಗಳು ಹಗುರಾಗಿ ಘಟ್ಟದ ತಿರುವಿನಲ್ಲಿ ಸ್ಟೀರಿಂಗು ಸಡಿಲವಾಗುತ್ತದೆ. ಭಾರವಾದದ್ದು ಕೆಳಗೆ, ಎರಡು ಅಚ್ಚುಗಳ ನಡುವೆ. ಹಗುರವಾದದ್ದು ಮೇಲೆ, ತುದಿಗೆ. ಇಷ್ಟು ನೆನಪಿಟ್ಟರೆ ಸಾಕು. "ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ" ಎಂದ ಜಟಕಾದವನು ಯಾವ ಕಾಲೇಜಿನಲ್ಲೂ ಓದಿರಲಿಲ್ಲ. ಆದರೆ ಅವನು ಲೆಕ್ಕ ಹಾಕುವಾಗ ಕುದುರೆಯ ಬೆನ್ನನ್ನು ಮರೆಯುತ್ತಿರಲಿಲ್ಲ.